ದೀಪ ದೊಡ್ಡದಾಗುವವರೆಗೆ

ಎಚ್ಚರಕ ಕೆಲಸ ಆರಂಭಿಸಿದಾಗ ಮೊದಲು ಕೇಳಿಸಿದ್ದು ಒಂದು ಕೆಮ್ಮು. ಆಮೇಲೆ ತಟ್ಟೆ ಇಟ್ಟ ಸದ್ದು, ದೂರದಲ್ಲಿ ರೈಲಿನ ಕೂಗು. ಸತ್ತಂತೆ ಬಿದ್ದಿದ್ದ ಮಡಿಲುಗಣಕದ ಬೆನ್ನಿಗೆ ಅಂಟಿಕೊಂಡಿದ್ದ ಆ ಉಪಕರಣ ಹೋಳಿಗೆಯಷ್ಟು ಅಗಲ, ಹೋಳಿಗೆಯಷ್ಟೇ ತೆಳು. ಅದು ತನ್ನ ಪಾಡಿಗೆ ಗುಂಯ್ ಎನ್ನುತ್ತ ಕಳೆದ ವಾರದ ಒಂದು ಸಂಜೆಯನ್ನು ಹೊರಗೆ ತೆಗೆಯುತ್ತಿತ್ತು.

“ಅಣ್ಣಾ, ತಿಂಡಿ ಆಮೇಲೆ ತಿನ್ನು. ಇಲ್ನೋಡು, ದೀಪ ದೊಡ್ಡದಾಯ್ತು. ವೈರ್ ಕಿತ್ತಾಕು,” ಎಂದಿತು ಹೆಂಗಸಿನ ದನಿ.

“ದೊಡ್ಡದಾಯ್ತಾ? ಇಷ್ಟ್ ಬೇಗನಾ?” ಎಂದಿತು ಗಂಡಸಿನ ದನಿ.

“ಆಯ್ತು ಕಣೋ, ಕಣ್ಣು ಕಾಣಲ್ವಾ? ಕೀಳು, ಕೀಳು.”

ಟಪ್ ಎಂದು ಒಂದು ಸದ್ದು. ಅಲ್ಲಿಗೆ ಆ ಗಣಕದ ನೆನಪು ನಿಂತುಹೋಗಿತ್ತು.

ಅರಸೀಕೆರೆಯ ರೈಲುನಿಲ್ದಾಣದ ಹಿಂದಿನ ಬೀದಿಯಲ್ಲಿ, ತಮ್ಮದೇ ಮನೆಯ ನಡುಮನೆಯಲ್ಲಿ ಕುಳಿತು ತಮ್ಮದೇ ದನಿ ಕೇಳಿದ ಸಿಂಚನಜ್ಜಿ ಕೆನ್ನೆಗೆ ಕೈ ಕೊಟ್ಟರು. ಪಕ್ಕದಲ್ಲಿ ಕುಳಿತಿದ್ದ ಅವರ ಅಣ್ಣ ಚಿರಂತಜ್ಜ ಕುತ್ತಿಗೆಯ ಪಟ್ಟಿ ಮುಟ್ಟಿಕೊಂಡು ಸುಮ್ಮನೆ ತಲೆದೂಗಿದರು. ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಯುವಕ, ರಾಜಧಾನಿಯ ಪ್ರಯೋಗಾಲಯದಿಂದ ಬಂದಿದ್ದ ವಿಜ್ಞಾನಿ. ಅವನ ಹೆಸರು ಬೋರಲಿಂಗ. ಆ ಕಾಲಕ್ಕೆ ಹೆಸರುಗಳು ತಲೆಕೆಳಗಾಗಿದ್ದವು. ಅಜ್ಜ ಅಜ್ಜಿಯರೆಲ್ಲ ಸಿಂಚನಾ, ಚಿರಂತ್, ಯಶಸ್. ಮೊಮ್ಮಕ್ಕಳೆಲ್ಲ ಬೋರಲಿಂಗ, ಕೆಂಚವ್ವ, ಮುದ್ದಹನುಮ. ಹಳೆಯ ಹೆಸರಿಡುವುದೇ ಹೊಸ ಷೋಕಿಯಾಗಿತ್ತು.

ಆಗಿನ ಮಡಿಲುಗಣಕಗಳ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಾಲದ ಲ್ಯಾಪ್‌ಟಾಪಿನ ಮೊಮ್ಮಕ್ಕಳು ಅವು. ಲಿಥಿಯಂ ದುರ್ಲಭವಾದ ಮೇಲೆ ಅವುಗಳಲ್ಲಿ ಬ್ಯಾಟರಿ ಇರಲಿಲ್ಲ. ಗೋಡೆಯ ತಂತಿಯೇ ಗತಿ. ಕೀಲಿಮಣೆಯೂ ಇರಲಿಲ್ಲ. ಮಾತನಾಡಿದರೆ ಕೇಳಿಸಿಕೊಂಡು ಮಾತಿನಲ್ಲೇ ಉತ್ತರ ಕೊಡುತ್ತಿದ್ದವು. ಇದರಿಂದಾಗಿ ಜನರಿಗೆ ಬರೆಯುವ ಅಭ್ಯಾಸವೇ ತಪ್ಪಿಹೋಗಿ, ಬೀದಿಗೆ ಒಂದು ಪೆನ್ನು ಸಿಕ್ಕರೆ ಹೆಚ್ಚು. ಪ್ರತಿ ಗಣಕದ ತಳದಲ್ಲಿ ‘ಬೇರುತಂತ್ರಾಂಶ’ ಎಂಬುದೊಂದು ಇರುತ್ತಿತ್ತು. ನಾನು ಯಾರು, ನನ್ನ ಕಿವಿ ಎಲ್ಲಿದೆ, ನನ್ನ ನೆನಪು ಎಲ್ಲಿದೆ ಎಂದು ಗಣಕಕ್ಕೆ ತಿಳಿಸಿಕೊಡುವ ಮೊದಲ ಪಾಠ ಅದು. ಆ ಪಾಠವನ್ನು ಆಗಾಗ ಹೊಸದಾಗಿ ಕಲಿಸಬೇಕಾಗುತ್ತದೆ. ಹಳೆಯದನ್ನು ಅಳಿಸಬೇಕು, ಹೊಸದನ್ನು ತುಂಬಬೇಕು, ಅದು ನೆಲೆಯೂರುವವರೆಗೆ ಕಾಯಬೇಕು, ಹೀಗೆ ಮೂರು ಹಂತ. ನಡುವೆ ಕರೆಂಟು ತಪ್ಪಿದರೆ ಗಣಕಕ್ಕೆ ತಾನು ಗಣಕ ಎಂಬುದೇ ಮರೆತು ಇಟ್ಟಿಗೆಯಂತೆ ಬಿದ್ದಿರುತ್ತದೆ.

ಇತ್ತೀಚಿನ ನವೀಕರಣವೊಂದರಲ್ಲಿ ಹಾಗೆ ಇಟ್ಟಿಗೆಯಾದ ಗಣಕಗಳು ಬೇಕಾದಷ್ಟಿದ್ದವು. ವಿಚಿತ್ರವೆಂದರೆ ಅವೆಲ್ಲ ವಯಸ್ಸಾದವರು ಇರುವ ಮನೆಗಳ ಗಣಕಗಳು. ಪ್ರಯೋಗಾಲಯದ ಸಮಿತಿಯೊಂದು ಚಹಾ ಕುಡಿಯುತ್ತ ಇದನ್ನು ಅಧ್ಯಯನ ಮಾಡಿ, ಮುದುಕರ ಕೈನಡುಕದಿಂದ ತಂತಿ ಸಡಿಲವಾಗುತ್ತದೆ ಎಂದು ತೀರ್ಮಾನಿಸಿತ್ತು. ಬೋರಲಿಂಗನಿಗೆ ಅದು ಒಪ್ಪಿಗೆಯಾಗಿರಲಿಲ್ಲ. ತಾನೇ ರೂಪಿಸಿದ ಎಚ್ಚರಕವನ್ನು ಚೀಲಕ್ಕೆ ಹಾಕಿಕೊಂಡು ಅರಸೀಕೆರೆಗೆ ಬಂದಿದ್ದ.

“ನೋಡಪ್ಪಾ, ನಂಗೆ ಗಣಕ ಹೋದ್ರೂ ಚಿಂತೆಯಿಲ್ಲ,” ಎಂದರು ಸಿಂಚನಜ್ಜಿ. “ಅದರೊಳಗಿರೋ ಕಥೆ ಬೇಕು. ನಾಳೆ ಸಂಜೆ ಅದು ಬಾನುಲೀಲಿ ಬರ್ಬೇಕು.”

ಕಥೆ ಎಂದರೆ ‘ಮೂರನೇ ಪ್ಲಾಟ್‌ಫಾರಂ’. ಊರಿನ ಪುಟ್ಟ ಕೇಂದ್ರವಾದ ಜಂಕ್ಷನ್ ಬಾನುಲಿಯಲ್ಲಿ ಅಣ್ಣ ತಂಗಿ ಇಬ್ಬರೇ ಸೇರಿ ನಡೆಸುತ್ತಿದ್ದ ಧಾರಾವಾಹಿ ನಾಟಕ. ಊರಿನ ಹೆಂಗಸರು, ಮಕ್ಕಳು, ಟಿಕೆಟ್ ಕಲೆಕ್ಟರು, ಒಂದು ಹಸು, ಎಲ್ಲರ ದನಿಯೂ ಸಿಂಚನಜ್ಜಿಯದೇ. ಕಥೆಯ ನಾಯಕ, ಮುದಿ ಸ್ಟೇಷನ್ ಮಾಸ್ತರ ಓಂಕಾರಪ್ಪನ ದನಿ ಮಾತ್ರ ಚಿರಂತಜ್ಜನದು. ಆ ದನಿಗೆ ಇಡೀ ತಾಲ್ಲೂಕು ಮರುಳಾಗಿತ್ತು. ಓಂಕಾರ ಮಾಸ್ತರರು ಕಥೆಯಲ್ಲಿ ಕಾಯಿಲೆ ಬಿದ್ದಾಗ ಮನೆ ಬಾಗಿಲಿಗೆ ಎಳನೀರು ತಂದುಕೊಟ್ಟವರಿದ್ದರು.

“ಮತ್ತೆ ಆಡಿ ಮುದ್ರಿಸಬಹುದಲ್ಲವೆ?” ಎಂದು ಬೋರಲಿಂಗ ಕೇಳಿದ.

ಸಿಂಚನಜ್ಜಿ ಅಣ್ಣನ ಕಡೆ ನೋಡಿದರು. “ಇವನ ಗಂಟಲಲ್ಲಿ ಗಂಟು ಬೆಳೆದಿತ್ತು. ಕೊನೇ ಕಂತು ಮುದ್ರಿಸಿದ ಮಾರನೇ ದಿನಾನೇ ಆಪರೇಷನ್ನು. ಮೂರು ತಿಂಗಳು ಪಿಟ್ ಅನ್ನಂಗಿಲ್ಲ. ಆಮೇಲಾದ್ರೂ ದನಿ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಕಥೆ ಮುಗ್ಸಿದ್ವಿ. ಅದರಲ್ಲಿರೋದು ನಮ್ಮಣ್ಣನ ಕೊನೇ ದನಿ ಇದ್ರೂ ಇರ್ಬೋದು ಕಣಪ್ಪ.”

ಹೇಳುತ್ತಿದ್ದಂತೆ ಅವರ ಕಣ್ಣಲ್ಲಿ ನೀರು ನಿಂತಿತು. ಚಿರಂತಜ್ಜ ತಂಗಿಯ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ಅಳಬೇಡ ಎಂದು ಕೈಯಾಡಿಸಿದರು.

ಬೋರಲಿಂಗ ಗಂಭೀರನಾದ. ಅವನು ಎಚ್ಚರಕದ ಕೆಲಸವನ್ನು ವಿವರಿಸಿದ. ಕರೆಂಟು ಹೋದ ಕ್ಷಣದಲ್ಲಿ ಗಣಕ ಕೇಳಿಸಿಕೊಂಡ ಕೊನೆಯ ಮಾತುಗಳ ಗುರುತು ಅದರ ನೆನಪಿನ ಕಣಗಳಲ್ಲಿ ಉಳಿದಿರುತ್ತದೆ. ಎಚ್ಚರಕ ಅದನ್ನು ಓದಿ ಹೇಳುತ್ತದೆ. ಆಮೇಲೆ, ಎಲ್ಲಿ ನಿಂತಿತ್ತೋ ಅಲ್ಲಿಂದ ಪಾಠವನ್ನು ಮುಂದುವರಿಸುತ್ತದೆ.

“ಎಲ್ಲಿ ನಿಂತಿತ್ತು ಅಂತ ಅದಕ್ಕೇ ಗೊತ್ತಾಗಲ್ವಾ?”

“ಇಲ್ಲ ಅಜ್ಜಿ. ತಲೆ ಸುತ್ತಿ ಬಿದ್ದವನನ್ನೇ, ನೀನು ಯಾವಾಗ ಬಿದ್ದೆ ಅಂತ ಕೇಳಿದ ಹಾಗೆ. ಪಕ್ಕದಲ್ಲಿದ್ದವರು ಹೇಳಬೇಕು. ಅದಕ್ಕೇ ನಿಮ್ಮ ಮಾತು ಮುಖ್ಯ. ನಾನು ಆರಿಸಿದ ಹಂತ ತಪ್ಪಾದರೆ, ಗಣಕಕ್ಕೆ ತನ್ನ ಉಗ್ರಾಣದ ಗುರುತೇ ಸಿಗುವುದಿಲ್ಲ. ಒಳಗಿರುವುದನ್ನೆಲ್ಲ ಕಸ ಅಂತ ಗುಡಿಸಿ ಹಾಕಿಬಿಡುತ್ತದೆ.”

“ಅಯ್ಯೋ! ಕಥೇನೂ?”

“ಕಥೆಯನ್ನೂ. ಆದರೆ ಹೆದರಬೇಡಿ. ನಿಮ್ಮ ವಿಷಯದಲ್ಲಿ ಅನುಮಾನವೇ ಇಲ್ಲ. ನೀವೇ ಹೇಳಿದಿರಲ್ಲ, ದೀಪ ದೊಡ್ಡದಾಯಿತು ಅಂತ. ಅಂದರೆ ತಂತಿ ಕಿತ್ತಾಗ ಪಾಠ ಕೊನೆಯ ಹಂತದಲ್ಲಿತ್ತು.”

ಇಷ್ಟು ಹೇಳಿ ಅವನು ಸ್ವಲ್ಪ ಹಿಗ್ಗಿದ. ಅದಕ್ಕೆ ಕಾರಣವಿತ್ತು. ನವೀಕರಣದ ಹೊತ್ತಿನಲ್ಲಿ ಗಣಕ ಆಡುತ್ತಿದ್ದ ಕನ್ನಡ ಮಾತುಗಳನ್ನು ಹೊಂದಿಸಿದವನು ಬೋರಲಿಂಗನೇ. ಹಿಂದಿನ ಸೂಚನೆ ‘ಸೂಚಕ ದೀಪ್ತಿಯು ಗರಿಷ್ಠ ಪ್ರಕಾಶಮಾನತೆಯನ್ನು ಹೊಂದುವ ಪರ್ಯಂತ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದಲ್ಲ’ ಎಂದಿತ್ತು. ಅದನ್ನು ಕೇಳಿ ಜನ ನಿದ್ದೆ ಹೋಗುತ್ತಿದ್ದರು. ಬೋರಲಿಂಗ ಅದನ್ನು ಕಿತ್ತೆಸೆದು, ‘ದೀಪ ದೊಡ್ಡದಾಗುವವರೆಗೆ ತಂತಿ ಕೀಳಬೇಡಿ’ ಎಂದು ಮಾಡಿದ. ಮನೆಮಾತಿನಂಥ ಕನ್ನಡ ಎಂದು ಎಲ್ಲರೂ ಬೆನ್ನು ತಟ್ಟಿದ್ದರು. ಅವನಿಗೆ ಎಚ್ಚರಕಕ್ಕಿಂತಲೂ ಆ ಒಂದು ಸಾಲಿನ ಮೇಲೇ ಹೆಚ್ಚು ಅಭಿಮಾನ.

ಚಿರಂತಜ್ಜ ಇದ್ದಕ್ಕಿದ್ದಂತೆ ಕೈ ಅಡ್ಡಡ್ಡ ಆಡಿಸತೊಡಗಿದರು. ಗಣಕ ತೋರಿಸಿದರು. ದೇವರ ಗೂಡಿನ ಕಡೆ ಬೆರಳು ಮಾಡಿದರು. ತುಟಿ ಮುಂದಕ್ಕೆ ಚಾಚಿ ಉಫ್ ಎಂದು ಊದಿ ತೋರಿಸಿದರು.

“ಬಿಸಿ ಕಾಫಿ ಬೇಕೇನೋ,” ಎಂದ ಬೋರಲಿಂಗ.

“ಈಗ ತಾನೇ ಕುಡ್ದಿದಾನೆ. ಸುಮ್ನಿರೋ ಅಣ್ಣಾ, ಅವ್ರು ಕೆಲಸ ಮಾಡ್ಕೊಳ್ಲಿ,” ಎಂದರು ಅಜ್ಜಿ.

ಅಜ್ಜ ಇನ್ನೊಮ್ಮೆ ಗಟ್ಟಿಯಾಗಿ ಊದಿದರು. ಎರಡೂ ಕೈ ಎತ್ತಿ, ಇಲ್ಲ, ಇಲ್ಲ ಎಂದು ತಲೆಯಾಡಿಸಿದರು. ಬೋರಲಿಂಗ ಮರ್ಯಾದೆಗೆ ನಕ್ಕು ಎಚ್ಚರಕದ ಕಡೆ ತಿರುಗಿ, “ಮೂರನೇ ಹಂತ,” ಎಂದು ಆದೇಶ ಕೊಟ್ಟ. ಗುಂಡಿಯೊಂದು ಕೆಂಪಗಾಯಿತು. ಒತ್ತಿದರೆ ಆಯಿತು. ಆದರೆ ಉಪಕರಣ ಕಿರುಗುಟ್ಟಿತು. ಹತ್ತಿರದಲ್ಲಿ ಎಲ್ಲಿಯೋ ಬೆಂಕಿಯ ಕಾವಿದೆ, ಅಳತೆ ತಪ್ಪುತ್ತಿದೆ ಎಂದು ಅದರ ದೂರು. ಸುತ್ತ ನೋಡಿದರೆ ಪಕ್ಕದ ಗೂಡಿನಲ್ಲಿ ಹಿತ್ತಾಳೆಯ ಎಣ್ಣೆದೀಪ ಉರಿಯುತ್ತಿತ್ತು.

“ಅಜ್ಜಿ, ಒಂದು ನಿಮಿಷ ಆ ದೀಪ ಆರಿಸಿಬಿಡಿ.”

ಸಿಂಚನಜ್ಜಿಗೆ ಮೈಮೇಲೆ ಹಾವು ಬಿದ್ದಂತಾಯಿತು. “ಥೂ, ಬಿಡ್ತು ಅನ್ನು! ದೇವರ ದೀಪ ಆರ್ಸು ಅಂತಾರೇನಪ್ಪ? ಓದಿದೋನು ನೀನು. ಎಲ್ಲಿ, ಬಿಡ್ತು ಅನ್ನು.”

“ಬಿಡ್ತು,” ಎಂದ ಬೋರಲಿಂಗ, ಯಾವುದು ಬಿಟ್ಟಿತು ಎಂದು ತಿಳಿಯದೆ. “ಮತ್ತೆ ಏನನ್ನಬೇಕು?”

“ದೀಪ ದೊಡ್ಡದು ಮಾಡಿ ಅನ್ಬೇಕು,” ಎನ್ನುತ್ತ ಅಜ್ಜಿ ಎದ್ದು ಹೋಗಿ, ಒಂದು ದಾಸವಾಳದ ಎಸಳಿನಿಂದ ಬತ್ತಿಯನ್ನು ಮೆಲ್ಲಗೆ ಒತ್ತಿದರು. ದೀಪ ಆರಿತು. ಸಣ್ಣ ಹೊಗೆ ಮೇಲೆದ್ದಿತು. “ನೋಡು, ದೊಡ್ಡದಾಯ್ತು.”

ಬೋರಲಿಂಗನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು. ಅವನು ದೀಪವನ್ನು ನೋಡಿದ, ಅಜ್ಜಿಯನ್ನು ನೋಡಿದ. ಅವನು ಬೆಳೆದದ್ದು ಐವತ್ತನೇ ಮಹಡಿಯಲ್ಲಿ. ಅಲ್ಲಿ ದೇವರ ಮುಂದೆಯೂ ವಿದ್ಯುದ್ದೀಪವೇ. ಕನ್ನಡವನ್ನು ಅವನು ನಿಘಂಟು ಓದಿ ಪ್ರೀತಿಸಿದವನು. ಆದರೆ ಬಳೆ ಒಡೆದರೆ ಹೆಚ್ಚಿತು ಎನ್ನುವ, ಹೊರಟು ನಿಂತರೆ ಬರುತ್ತೇನೆ ಎನ್ನುವ ಮನೆಗಳಲ್ಲಿ ಬೆಳೆದವನಲ್ಲ.

“ಅಜ್ಜಿ,” ಎಂದ ಮೆಲ್ಲಗೆ. “ಅವತ್ತು ಸಂಜೆ ಗಣಕದ ದೀಪ ದೊಡ್ಡದಾಯಿತು ಅಂದಿರಲ್ಲ. ಆಗ ಅದು ಉರಿಯುತ್ತಿತ್ತೋ, ಇಲ್ಲವೋ?”

“ಉರಿಯೋದೆಲ್ಲಿ ಬಂತು! ಮಿಣಿಮಿಣಿ ಅಂತಿತ್ತು, ಆಮೇಲೆ ದೊಡ್ಡದಾಯ್ತು. ಪೂರ್ತಿ ಕತ್ಲೆ. ಅದೇ ಹೇಳಿತ್ತಲ್ಲ, ದೊಡ್ಡದಾಗೋವರ್ಗೂ ಕೀಳ್ಬೇಡಿ ಅಂತ. ಅದಕ್ಕೇ ಕಾದಿದ್ದು, ಆದ್ಮೇಲೆ ಕಿತ್ತಿದ್ದು.”

ಚಿರಂತಜ್ಜ ಹಣೆ ಚಚ್ಚಿಕೊಂಡು, ನಾನು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ ಎನ್ನುವಂತೆ ಮತ್ತೊಮ್ಮೆ ಉಫ್ ಎಂದು ಊದಿದರು.

ಬೋರಲಿಂಗ ಕೈಯನ್ನು ಗುಂಡಿಯಿಂದ ಸರಕ್ಕನೆ ಹಿಂದಕ್ಕೆ ತೆಗೆದುಕೊಂಡ. ಗಣಕಕ್ಕೆ ಹಳೆಯ ಪಾಠ ಅಳಿಸಿ ಹೊಸದನ್ನು ತುಂಬುವ ಹೊತ್ತಿನಲ್ಲಿ ದೀಪ ಕೆಲವು ನಿಮಿಷ ಆರಿಹೋಗುತ್ತದೆ. ಅದೇ ನಡುವಿನ ಹಂತ, ತಂತಿಯನ್ನು ಮುಟ್ಟಲೇಬಾರದ ಗಳಿಗೆ. ಆ ಗಳಿಗೆಯನ್ನೇ ಹುಡುಕಿ, ಕಾದು ಕುಳಿತು, ನಾಡಿನ ಅಜ್ಜಿಯರೆಲ್ಲ ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಕೈನಡುಕವೂ ಅಲ್ಲ, ಮಣ್ಣೂ ಅಲ್ಲ! ಇನ್ನೊಂದು ಕ್ಷಣ ತಡವಾಗಿದ್ದರೆ ಅವನೇ ಓಂಕಾರ ಮಾಸ್ತರರನ್ನು ಕಸದ ಜೊತೆ ಗುಡಿಸಿಹಾಕಿರುತ್ತಿದ್ದ.

“ತಪ್ಪು ನನ್ನದು ಅಜ್ಜಿ,” ಎಂದ. “ದೊಡ್ಡದಾಗುವುದು ಅಂದರೆ ನನ್ನ ಲೆಕ್ಕದಲ್ಲಿ ಜೋರಾಗಿ ಉರಿಯುವುದು.”

“ಜೋರಾಗಿ ಉರಿಯೋದಕ್ಕೆ ಜೋರಾಗಿ ಉರಿಯೋದು ಅಂತಾರೆ,” ಎಂದರು ಅಜ್ಜಿ. ಆಮೇಲೆ ಅವನ ಮುಖ ನೋಡಿ ಕನಿಕರ ಬಂತು. “ಹೋಗ್ಲಿ ಬಿಡು. ನಾನೂ ನೋಡು, ದೀಪ ಅಂದ ತಕ್ಷಣ ಎಲ್ಲಾ ದೇವರ ಮನೇದೇ ಅನ್ಕೊಂಬಿಟ್ಟೆ.”

“ಎರಡನೇ ಹಂತ,” ಎಂದು ಬೋರಲಿಂಗ ಎಚ್ಚರಕಕ್ಕೆ ಹೇಳಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಮೂವರೂ ಕಾದರು. ಗಣಕದ ಅಂಚಿನ ಸಣ್ಣ ದೀಪ ಮೊದಲು ಕತ್ತಲಾಗಿಯೇ ಇತ್ತು. ಆಮೇಲೆ ಕೆಂಡದಷ್ಟು ಕೆಂಪು ಕಾಣಿಸಿತು. ಬರಬರುತ್ತ ಬೆಳ್ಳಗಾಗಿ, ವಿಜ್ಞಾನಿಯ ಅರ್ಥದಲ್ಲಿ ದೊಡ್ಡದಾಗಿ, ನಿಚ್ಚಳವಾಗಿ ಬೆಳಗಿತು. “ನಮಸ್ಕಾರ ಸಿಂಚನಾ,” ಎಂದಿತು ಗಣಕ, ಏನೂ ಆಗಿಯೇ ಇಲ್ಲ ಎನ್ನುವಂತೆ. ಸಿಂಚನಜ್ಜಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವರು ಮೊದಲು ಗಣಕಕ್ಕೆ ದೃಷ್ಟಿ ತೆಗೆದರು, ಆಮೇಲೆ ಬೋರಲಿಂಗನಿಗೆ.

ಕಂತು ಒಳಗೆ ಸುರಕ್ಷಿತವಾಗಿತ್ತು. ಆದರೆ ಕೇಳಿಸಲು ಅಜ್ಜಿ ಒಪ್ಪಲಿಲ್ಲ. “ನಾಳೆ ಊರವರ ಜೊತೆ ಕೇಳು. ಇಲ್ಲೇ ಇರು. ಚಪಾತಿ ಮಾಡ್ತೀನಿ.” ಬೋರಲಿಂಗ ಉಳಿದ.

ಮರುದಿನ ಸಂಜೆ ಅರಸೀಕೆರೆಯ ಬೀದಿಗಳು ಖಾಲಿಯಾದವು. ಮೂವರೂ ಗಣಕದ ಮುಂದೆ ಕುಳಿತು ಬಾನುಲಿ ಕೇಳಿದರು. ಕಥೆಯಲ್ಲಿ ಓಂಕಾರ ಮಾಸ್ತರರು ಹಾಸಿಗೆ ಹಿಡಿದಿದ್ದಾರೆ, ಕಿವಿ ಮಾತ್ರ ಹಳಿಗಳ ಕಡೆಗಿದೆ. “ಗಾಡಿ ಬಂತೇನಮ್ಮಾ?” ಎನ್ನುತ್ತದೆ ಚಿರಂತಜ್ಜನ ದನಿ. ತುಂಬಿದ, ಬೆಚ್ಚಗಿನ, ಸ್ವಲ್ಪ ನಡುಗುವ ದನಿ. “ಬಂತು ಮಾಸ್ತರೇ.” “ಹಂಗಾದ್ರೆ ಹಸಿರು ಬಾವುಟ ತೋರ್ಸು. ಕಾಯಿಸ್ಬಾರ್ದು.” ದೂರದಲ್ಲಿ ಸೀಟಿ. ಕೊನೆಗೆ ಸಿಂಚನಜ್ಜಿಯ ಕಥನದ ದನಿ: “ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿತು. ಮಾಸ್ತರರ ತಲೆದೆಸೆಯಲ್ಲಿದ್ದ ದೀಪ ದೊಡ್ಡದಾಯಿತು.”

ಆ ಮಾತಿನ ಅರ್ಥ ಬೋರಲಿಂಗನಿಗೆ ನಿನ್ನೆಯಷ್ಟೇ ತಿಳಿದಿತ್ತು. ಚಿರಂತಜ್ಜ ತಮ್ಮದೇ ದನಿಯನ್ನು ಕೇಳಿ, ತಲೆ ತಗ್ಗಿಸಿ ಕುಳಿತಿದ್ದರು. ತಂಗಿ ಅವರ ಕೈ ಹಿಡಿದುಕೊಂಡರು.

ಆಗ ಬೀದಿಯಲ್ಲಿ ಪಟಾಕಿ ಹೊಡೆದ ಸದ್ದಾಯಿತು.

ಮೂವರೂ ಬಾಗಿಲಿಗೆ ಓಡಿದರು. ಬೀದಿಯ ಒಂದು ಕಡೆಯಿಂದ ಕಾಲೇಜಿನ ಹುಡುಗ ಹುಡುಗಿಯರ ಗುಂಪು ಕೇಕೆ ಹಾಕುತ್ತ ಬರುತ್ತಿತ್ತು. ಮುಂದೆ ಎದುರುಮನೆಯ ಕೆಂಚವ್ವ, ಕೈಯಲ್ಲಿ ಮೈಸೂರುಪಾಕಿನ ಡಬ್ಬಿ. “ಅಜ್ಜೀ! ಸೂಪರ್ ಅಜ್ಜೀ! ಸಾಯಿಸ್ತೀರಾ ಅಂತ ಜೀವಾನೇ ಹೋಗಿತ್ತು ನಮ್ಗೆ. ದೀಪ ದೊಡ್ಡದಾಯ್ತು ಅಂದ್ರಲ್ಲಾ, ಅಳುನೇ ಬಂತು. ಮಾಸ್ತರು ಬದುಕ್ಕೊಂಡ್ರು!”

ಬೀದಿಯ ಇನ್ನೊಂದು ಕಡೆಯಿಂದ ಊರಿನ ಹಿರಿಯರು ತಲೆಗೆ ಟವಲು ಹೊದ್ದು ಸಾಲಾಗಿ ಬರುತ್ತಿದ್ದರು. ಹಿಂದಿನ ಬೀದಿಯ ಯಶಸಜ್ಜನ ಕೈಯಲ್ಲಿ ಒಂದು ಹೂವಿನ ಹಾರವೂ ಇತ್ತು. ಅದನ್ನು ಯಾರಿಗೆ ಹಾಕಬೇಕು ಎಂಬುದು ಅವರಿಗೇ ಖಚಿತವಿದ್ದಂತಿರಲಿಲ್ಲ. “ಹೋಗ್ಬಿಟ್ರಲ್ಲಮ್ಮಾ ಮಾಸ್ತರು,” ಎಂದು ಅವರು ಗದ್ಗದಿತರಾದರು. “ಎಂಥಾ ಮನುಷ್ಯ!” ಅಷ್ಟರಲ್ಲಿ ಡಬ್ಬಿ ಕಣ್ಣಿಗೆ ಬಿತ್ತು. “ಏನ್ರೇ ಇದು, ಸಾವಿನ ಮನೇಲಿ ಮೈಸೂರುಪಾಕಾ?”

“ಯಾರ್ ತಾತಾ ಸತ್ತಿದ್ದು?”

“ದೀಪ ದೊಡ್ಡದಾಯ್ತು ಅಂದಿದ್ದು ಕೇಳ್ಲಿಲ್ವಾ?”

“ಕೇಳಿದ್ಕೇ ಪಟಾಕಿ ಹೊಡೆದಿದ್ದು!”

ಬೀದಿಯಲ್ಲಿ ದೊಡ್ಡ ಗದ್ದಲವೇ ಎದ್ದಿತು. ಹಿರಿಯರು ಕಿರಿಯರಿಗೆ ಕನ್ನಡ ಬರುವುದಿಲ್ಲ ಎಂದರು. ಕಿರಿಯರು ಹಿರಿಯರಿಗೆ ಸಂತೋಷಪಡಲು ಬರುವುದಿಲ್ಲ ಎಂದರು. ಬೋರಲಿಂಗ ನಡುವೆ ನಿಂತು ಎರಡೂ ಅರ್ಥಗಳನ್ನು ಶಾಸ್ತ್ರೀಯವಾಗಿ ವಿವರಿಸಲು ಹೋಗಿ ಎರಡೂ ಕಡೆಯಿಂದ ಬೈಸಿಕೊಂಡ. ಕೊನೆಗೆ ಎಲ್ಲರೂ ಸಿಂಚನಜ್ಜಿಯ ಕಡೆ ತಿರುಗಿದರು. ಕಥೆ ಕಟ್ಟಿದವರು ನೀವು, ನೀವೇ ಹೇಳಿ. ಸತ್ತರೋ, ಉಳಿದರೋ?

ಸಿಂಚನಜ್ಜಿ ಬಾಯಿ ತೆರೆದರು. ಅವರು ಮಾಸ್ತರರನ್ನು ಸಾಯಿಸಿಯೇ ಇದ್ದರು. ಅದರಲ್ಲಿ ಎರಡು ಮಾತಿರಲಿಲ್ಲ. ಅಣ್ಣನ ದನಿ ಮತ್ತೆ ಬಾರದಿದ್ದರೆ ಮಾಸ್ತರರು ಮೂಗರಾಗಿ ಉಳಿಯುವುದು ಬೇಡವೆಂದು, ಅಳುತ್ತಳುತ್ತಲೇ ಸಾಯಿಸಿದ್ದರು. ಆದರೆ ಕೆಂಚವ್ವನ ಮುಖ ನೋಡಿದಾಗ ಆ ಮಾತು ಬಾಯಿಂದ ಹೊರಡಲಿಲ್ಲ.

ಅಷ್ಟರಲ್ಲಿ ಹೊಸ್ತಿಲಲ್ಲಿ ನಿಂತಿದ್ದ ಚಿರಂತಜ್ಜ ಮೆಟ್ಟಿಲಿಳಿದು ಬಂದರು. ಕೆಂಚವ್ವನ ಡಬ್ಬಿಯಿಂದ ಮೈಸೂರುಪಾಕಿನ ಒಂದು ದೊಡ್ಡ ತುಂಡು ತೆಗೆದುಕೊಂಡರು. ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಚಪ್ಪರಿಸಿ ನುಂಗಿದರು. ಆಮೇಲೆ ಯಶಸಜ್ಜನ ಕೈಯಲ್ಲಿದ್ದ ಹಾರವನ್ನು ಇಸಿದುಕೊಂಡು ಕೆಂಚವ್ವನ ಕೊರಳಿಗೆ ಹಾಕಿದರು.

“ಅಂದ್ರೆ... ಸತ್ತಿಲ್ವಾ?” ಎಂದರು ಯಶಸಜ್ಜ. ಆಮೇಲೆ ಅವರೇ ತಲೆಯ ಮೇಲಿನ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು, “ಹಂಗಿದ್ರೆ ನಂಗೂ ಒಂದ್ ತುಂಡು ಕೊಡೇ,” ಎಂದು ಕೈ ಚಾಚಿದರು. ನಗು ಬೀದಿಯ ತುದಿಯವರೆಗೂ ಹೋಯಿತು.

ಬೋರಲಿಂಗ ರಾಜಧಾನಿಗೆ ಮರಳಿ, ಸತ್ತ ಗಣಕಗಳನ್ನೆಲ್ಲ ಎರಡನೇ ಹಂತದಿಂದ ಎಬ್ಬಿಸುವ ಏರ್ಪಾಡು ಮಾಡಿದ. ಎಲ್ಲವೂ ಎದ್ದವು. ತನ್ನ ನೆಚ್ಚಿನ ಸಾಲನ್ನೂ ಅಳಿಸಿದ. ಅದರ ಬದಲು ‘ಕೆಲಸ ಮುಗಿಯಿತು ಎಂದು ನಾನು ಹೇಳುವವರೆಗೆ ಕಾಯಿರಿ’ ಎಂದು ಮಾಡಿ, ಈ ಸಲ ಬುದ್ಧಿವಂತಿಕೆಯಿಂದ ಮೊದಲು ಅರಸೀಕೆರೆಗೆ ಕೇಳಿಸಿದ.

“ಮುಗೀತು ಅಂತ ಹೇಳಿಸ್ತೀಯಾ? ಆಗ ತಾನೇ ಎದ್ದಿರೋ ಗಣಕದ ಬಾಯಲ್ಲಿ?” ಎಂದು ಅಜ್ಜಿ ಸಿಡುಕಿದರು. ಕೊನೆಗೆ ಊಟದ ಪಂಕ್ತಿಯಿಂದ ಮಾತೊಂದನ್ನು ಅವರೇ ಆರಿಸಿಕೊಟ್ಟರು. ಅಂದಿನಿಂದ ನಾಡಿನ ಗಣಕಗಳೆಲ್ಲ ಹೊಸ ಪಾಠ ಕಲಿತ ಮೇಲೆ, ‘ನನ್ನದಾಯಿತು, ನೀವಿನ್ನು ಏಳಬಹುದು’ ಎನ್ನುತ್ತವೆ.

ಹುಡುಗರು ಕಲಿತದ್ದು ಬೇರೆಯದೇ. ಮದುವೆ ಮನೆಗಳಲ್ಲಿ ವಧೂವರರಿಗೆ, ‘ನಿಮ್ಮ ಮನೆ ದೀಪ ದೊಡ್ಡದಾಗಲಿ’ ಎಂದು ಹಾರೈಸತೊಡಗಿದರು. ಅಲ್ಲಿದ್ದ ಅಜ್ಜಿಯರು ಎದೆ ಬಡಿದುಕೊಂಡು ಅವರ ಬಾಯಿ ಮುಚ್ಚಿಸಲು ಓಡಾಡುತ್ತಿದ್ದರು.

ಮೂರು ತಿಂಗಳು ಕಳೆದವು. ಒಂದು ಭಾನುವಾರ ಸಂಜೆ, ಜಂಕ್ಷನ್ ಬಾನುಲಿ ಯಾವ ಮುನ್ಸೂಚನೆಯೂ ಇಲ್ಲದೆ ‘ಮೂರನೇ ಪ್ಲಾಟ್‌ಫಾರಂ’ನ ಹಳೆಯ ಸೀಟಿಯನ್ನು ಊದಿತು. ಪ್ರಯೋಗಾಲಯದಲ್ಲಿದ್ದ ಬೋರಲಿಂಗ ಕೈಯ ಕೆಲಸ ಬಿಟ್ಟು ಕಿವಿಗೊಟ್ಟ. ಗಾಳಿಯ ಸದ್ದು ಬಂತು. ಕಡ್ಡಿ ಗೀರಿದ ಸದ್ದು ಬಂತು. ಹಸುವೊಂದು ಅಂಬಾ ಎಂದಿತು, ಅದು ಸಿಂಚನಜ್ಜಿ. ಆಮೇಲೆ ಟಿಕೆಟ್ ಕಲೆಕ್ಟರ ಬಿಕ್ಕುತ್ತ, “ಮಾಸ್ತರು ಹೋಗ್ಬಿಟ್ರು ಅಂತ ಊರೆಲ್ಲಾ ಮಾತಾಡ್ತಾವ್ರೆ,” ಎಂದ.

ಯಾರೋ ಗಂಟಲು ಸರಿಮಾಡಿಕೊಂಡರು. ಎಣ್ಣೆ ಕಾಣದ ಬಾಗಿಲಿನಂತೆ ಒರಟಾದ, ಸಣ್ಣ, ಆದರೂ ಯಾರಿಗೂ ಗುರುತು ತಪ್ಪದ ದನಿಯೊಂದು ಮೆಲ್ಲಗೆ ಹೊರಬಂತು.

“ಬಿಡ್ತು ಅನ್ನು.”